ತಪಾಸಣೆಯ ದಿನ ಕಂದಕದಲ್ಲಿ

ಆಗ ಜಿಲ್ಲೆ ಹೊಸದು. ಚಾಮರಾಜನಗರಕ್ಕೆ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಯೂ ಹೊಸಬರು. ಯಾವ ಶಾಲೆಗೆ ಹೋದರೂ ಅವರು ಏಳನೇ ತರಗತಿಯಲ್ಲಿ ಕಣ್ಣಿಗೆ ಬಿದ್ದ ಮಗುವನ್ನು ಎಬ್ಬಿಸಿ ಓದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು. ಮಗು ತಪ್ಪಿದರೆ ಬೈಗುಳ ಹೆಡ್‌ಮಾಸ್ಟರಿಗೆ. ಗುಂಡ್ಲುಪೇಟೆ ಕಡೆಯ ಹೆಡ್‌ಮಾಸ್ಟರೊಬ್ಬರನ್ನು ಮಕ್ಕಳೆದುರೇ ಬೆಂಚಿನ ಮೇಲೆ ನಿಲ್ಲಿಸಿದರಂತೆ ಎಂಬ ಸುದ್ದಿ ನಮ್ಮವರೆಗೂ ಬಂದಿತ್ತು.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಪುಣಜನೂರಿನ ಆಚೆ ಕಾಡಂಚಿನ ಶಾಲೆಯೊಂದರಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ಶಾಲೆಯ ಹಿಂಬದಿಯಲ್ಲೇ ಆನೆಗಳು ದಾಟದಂತೆ ತೋಡಿದ ಕಂದಕ. ದನ ಕಾಯುವವರು ಒಂದು ಕಡೆ ಅದಕ್ಕೆ ಮಣ್ಣು ತುಂಬಿ ಕಾಲುದಾರಿ ಮಾಡಿಕೊಂಡಿದ್ದರು.

ತಪಾಸಣೆಯ ದಿನ ಬೆಳಿಗ್ಗೆ ಹೆಡ್‌ಮಾಸ್ಟರು ಓದಲು ಬಾರದ ಐದು ಮಕ್ಕಳನ್ನು ಹೊರಗೆ ನಿಲ್ಲಿಸಿ ನನ್ನನ್ನು ಕರೆದರು.

"ಈ ಐದು ರತ್ನಗಳನ್ನ ಕಾಡಿಗೆ ಕರ್ಕೊಂಡೋಗಿ ಸೌದೆ ಆರಿಸಿ. ಜೀಪು ಹೊರಟ ಮೇಲೆ ಬಂದ್ರೆ ಸಾಕು."

"ಸಾ, ಆಪೀಸರ್ ಉಪ್ಪಿಟ್ಟು ತಿಂದ್ಮೇಲೆ ನಮ್ಗೂ ಇಕ್ತೀರಾ?" ಎಂದ ಒಬ್ಬ ಹುಡುಗ.

"ನಾಲ್ಕಕ್ಷರ ಬಂದಿದ್ರೆ ಕೇಸರಿಬಾತೇ ಇಕ್ತಿದ್ದೆ ಕಣ್ಲಾ."

ಐವರಲ್ಲಿ ಒಬ್ಬಳೇ ಹುಡುಗಿ. ಅವಳು ಮುಂದೆ ಬಂದಳು. "ಸಾ, ನಂಗೆ ಈಗ ವಸಿ ಓದಕ್ ಬತ್ತದೆ."

"ವಸಿ ಸಾಲ್ದು ಕಣಮ್ಮಿ. ಹೋಗು."

ಕಾಲುದಾರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹುಡುಗಿ ನಿಂತು ಕಾಲ ಬಳಿ ತೋರಿಸಿದಳು. "ಹಸೀ ಲದ್ದಿ ಸಾ. ವಾಪಸ್ ಓಗನ." ನಾನು ಉತ್ತರ ಕೊಡುವ ಮೊದಲೇ ಲಂಟಾನದ ಪೊದೆ ಸೀಳಿತು. ಒಂಟಿ ಸಲಗ. ಕಿವಿ ಅಗಲಿಸಿ ಒಂದು ಕ್ಷಣ ನಿಂತಿತು, ಆಮೇಲೆ ನಿಲ್ಲಲಿಲ್ಲ.

ಆ ಓಟವನ್ನು ನಾನು ಇಂದಿಗೂ ಮನಸ್ಸಿನಲ್ಲಿ ಓಡುತ್ತಿರುತ್ತೇನೆ. ಕೆಲವು ಸಲ ಎಡಕ್ಕೆ ತಿರುಗಿ ರಸ್ತೆ ಹಿಡಿಯುತ್ತೇನೆ, ಅಲ್ಲಿ ಲಾರಿಯೊಂದು ಬರುತ್ತದೆ, ಎಲ್ಲರೂ ಹತ್ತಿಕೊಳ್ಳುತ್ತೇವೆ. ಅಂದು ಓಡಿದ್ದು ಶಾಲೆಗೆ. ಕಾಲುದಾರಿಯ ಮೇಲಿಂದಲೇ ಹಿಂದಿನ ಗೇಟು ತೆರೆದಿರುವುದು ಕಂಡಿತು. ಅದರ ಬಳಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಅವರು ಕೈ ಬೀಸಿದರು. ಬನ್ನಿ ಎನ್ನುತ್ತಿದ್ದಾರೆ ಅಂದುಕೊಂಡೆ. ಹತ್ತಿರವಾದಾಗ ತಿಳಿಯಿತು, ಹಿಂದಕ್ಕೆ ಹೋಗಿ ಎನ್ನುತ್ತಿದ್ದರು.

"ಇನ್ನೂ ಜೀಪು ಹೊರಟಿಲ್ಲ ಕಣ್ರೀ!"

"ಸಾರ್, ಆನೆ!"

ಅವರ ಕಣ್ಣು ನನ್ನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಆನೆಯನ್ನು ನೋಡಿದರು. ನೋಡಿದ ಮೇಲೆ ಗೇಟಿನ ಚಿಲಕ ಹಾಕಿದರು.

"ಒಳಗೆ ಮಗ್ಗಿ ನಡೀತಿದೆ. ಕಂದಕಕ್ಕೆ ಇಳೀರಿ, ಇಳೀರಿ," ಎಂದು ಪಿಸುಗುಟ್ಟಿದರು. ಅಂಥ ಹೊತ್ತಿನಲ್ಲೂ ಪಿಸುಮಾತು.

ಹುಡುಗರು ಜಾರಿಕೊಂಡು ಇಳಿದರು, ನಾನೂ ಇಳಿದೆ. ಕೊನೆಯವಳಾಗಿದ್ದ ಹುಡುಗಿಗೆ ಜಾರಲು ವೇಳೆಯಿರಲಿಲ್ಲ, ಮೇಲಿಂದ ಹಾರಿದಳು. ಅವಳ ಕಾಲು ಮುರಿದ ಸದ್ದು ನನಗೆ ಕೇಳಿಸಿತು. ಕಿರುಚದಂತೆ ಅವಳ ಬಾಯಿ ಮುಚ್ಚಿ ಹಿಡಿದೆ. ಸಲಗ ಅಂಚಿಗೆ ಬಂದು ನಿಂತಿತು. ಅದರ ಕಾಲಡಿಯ ಮಣ್ಣು ಕುಸಿದು ನಮ್ಮ ತಲೆ, ಕಣ್ಣುಗಳಿಗೆ ಬೀಳುತ್ತಿತ್ತು. ಸೊಂಡಿಲು ಇಳಿದು ಒಬ್ಬ ಹುಡುಗನ ಬೆನ್ನನ್ನು ಮೂಸಿತು. ಅವನ ಚಡ್ಡಿ ಒದ್ದೆಯಾಯಿತು. ಶಾಲೆಯೊಳಗಿಂದ ಮಕ್ಕಳ ಸ್ವರ ತೇಲಿ ಬರುತ್ತಿತ್ತು: ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಬ್ಬರೂ ತಪ್ಪಲಿಲ್ಲ. ಕೊನೆಗೆ ಚಪ್ಪಾಳೆ.

ಜೀಪು ಸ್ಟಾರ್ಟ್ ಆದ ಸದ್ದಿಗೆ ಸಲಗ ಬೆದರಿ ಕಾಡಿನತ್ತ ತಿರುಗಿತು. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ಟರು ಅಂಚಿಗೆ ಬಂದು ಬಗ್ಗಿ ನೋಡಿದರು. ಮುಖ ಅರಳಿತ್ತು.

"ತಾಲ್ಲೂಕಿಗೇ ಮಾದರಿ ಶಾಲೆ ಅಂದ್ರು ಕಣ್ರೀ. ಎಲ್ಲಾ ಬದುಕಿದ್ದೀರಾ?"

ಹುಡುಗಿಯನ್ನು ಚಾಮರಾಜನಗರದ ಆಸ್ಪತ್ರೆಗೆ ಒಯ್ದೆವು. ಮೂಳೆ ಕೂಡಿತು, ವಕ್ರವಾಗಿ. ತಿಂಗಳುಗಟ್ಟಲೆ ಅವಳು ಶಾಲೆಗೆ ಬರಲಿಲ್ಲ. ಆಮೇಲೊಂದು ದಿನ ಹೆಡ್‌ಮಾಸ್ಟರು ಕೂಲಿಗೆ ಹೋಗುತ್ತಿದ್ದ ಅವಳ ತಾಯಿಯನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ನೋಡಮ್ಮ, ಮುಂದಿನ ತಪಾಸಣೇಲಿ ಹಾಜರಾತೀನೂ ಲೆಕ್ಕಕ್ಕೆ ತಗೋತಾರೆ. ನಿನ್ ಮಗಳು ಬರದೇ ಇದ್ರೆ ನಮ್ ಶಾಲೆ ಕೆಳಗಿಳೀತದೆ. ಟಿ.ಸಿ. ತಗೊಂಡ್ಬುಡು."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ಓದಕ್ ಬತ್ತಿರ್ಲಿಲ್ಲ ಸರಿ ಸಾ. ನಡೆಯಕ್ ಬತ್ತಿತ್ತಲ್ಲ."

ಹೆಡ್‌ಮಾಸ್ಟರು ಟಿ.ಸಿ.ಗೆ ಸಹಿ ಹಾಕಿ, ಶಾಯಿ ಆರಲೆಂದು ಅದರ ಮೇಲೊಮ್ಮೆ ಊದಿ, ಆಕೆಯ ಕೈಗಿತ್ತರು.