ತಾಯಮ್ಮನ ಡಿಶ್ಶು

“ಬಂತೇನಮ್ಮೀ?”

ಯಲಿಯೂರಿನ ರೈಲು ಹಳಿಯ ಪಕ್ಕದ ಹಿಟ್ಟಿನ ಗಿರಣಿಯ ಛಾವಣಿಯಿಂದ ಈ ಕೂಗು ಬಿದ್ದರೆ, ಹೊಲಿಯುತ್ತಿದ್ದ ರವಿಕೆಯನ್ನು ಅಲ್ಲೇ ಬಿಟ್ಟು ನಾನು ಓಡಬೇಕಿತ್ತು. ಗಿರಣಿಯ ಒಡತಿ ತಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯಿಂದ ಕಾಲವರೆಗೆ ರಾಗಿಹಿಟ್ಟು ಮೆತ್ತಿಕೊಂಡು, ಟಿವಿಯ ಡಿಶ್ಶನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿರುತ್ತಿದ್ದಳು. ಕೆಳಗೆ ಅವಳ ಮನೆಯೊಳಗೆ ಟಿವಿ ಮುಂದೆ ನಿಂತು, ಚಿತ್ರ ಬಂತೋ ಇಲ್ಲವೋ ಎಂದು ಕಿಟಕಿಯಿಂದ ಕೂಗಿ ಹೇಳುವುದು ನನ್ನ ಕೆಲಸ.

“ಬರ್ಲಿಲ್ಲ!”

“ಈಗ್ಲಾರ ಬಂತಾ?”

“ಇದ್ದದ್ದೂ ಹೋಯ್ತು ಕಣಕ್ಕಾ!”

ಆಮೇಲೆ ನನ್ನನ್ನೂ ಆಕಾಶದ ಉಪಗ್ರಹವನ್ನೂ ಸೇರಿಸಿ ಬೈಯುತ್ತಿದ್ದಳು. ಅವಳ ಬಾಯಿ ಗಿರಣಿಯ ಸದ್ದನ್ನು ಮೀರಿಸುವಂಥದ್ದು. ಪಕ್ಕದ ಅಂಗಡಿಯಲ್ಲೇ ಹೊಲಿಗೆ ಹಾಕಿಕೊಂಡು ಕೂತಿದ್ದ ತಪ್ಪಿಗೆ ಅಷ್ಟು ವರ್ಷ ನಾನು ಎರಡನ್ನೂ ಕೇಳಿಸಿಕೊಂಡೆ.

ಟಿವಿ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ. ಒಬ್ಬಳೇ ಮಗಳು ಸುಧಾ, ಕೀಬೋರ್ಡ್ ನುಡಿಸುವ ಹುಡುಗನನ್ನು ಮೆಚ್ಚಿ ಮದುವೆಯಾಗಿ ಬೆಂಗಳೂರು ಸೇರಿದ್ದಳು. ತಾಯಮ್ಮನ ಗಂಡ ಮಹಾ ಹಟವಾದಿ. ಸಾಯುವ ಮುಂಚೆ ಹೆಂಡತಿಯನ್ನು ಮನೆದೇವರ ಮುಂದೆ ನಿಲ್ಲಿಸಿ, ಕರ್ಪೂರ ಹಚ್ಚಿಸಿ, ಮಗಳ ಹೊಸಲು ತುಳಿಯುವುದಿಲ್ಲ, ಅವಳ ಜೊತೆ ಮಾತಾಡುವುದಿಲ್ಲ ಎಂದು ಆಣೆ ಹಾಕಿಸಿದ. ತಾಯಮ್ಮ ಹಾಕಿದಳು. ಅವನು ಹೋದ ಮೇಲೂ ಆಣೆ ಉಳಿಯಿತು.

ಆಮೇಲೊಂದು ಶನಿವಾರ ಕನ್ನಡ ಚಾನಲ್ಲಿನ ಹಾಡಿನ ಸ್ಪರ್ಧೆಯಲ್ಲಿ, ಹಾಡುವವರ ಬೆನ್ನ ಹಿಂದೆ ದನಿ ಸೇರಿಸುವ ಸಾಲಿನಲ್ಲಿ, ಎಡಗಡೆಯ ಕೊನೆಯವಳಾಗಿ ಸುಧಾ ಕಂಡಳು. ಕಂಡಳು ಅಂದರೆ ಏನು? ಹಸಿರು ಸೀರೆಯ ಮೇಲೊಂದು ಮಸುಕು ಮುಖ. ತಾಯಮ್ಮನಿಗೆ ಅಷ್ಟು ಸಾಕಾಯಿತು.

“ಫೋನ್ ನಂಬರು ಹುಡುಕಿ ಕೊಡ್ಲಾ ಅಕ್ಕಾ?” ಎಂದು ಕೇಳಿದ್ದೆ.

“ಮಾತಾಡಲ್ಲ ಅಂದಿವ್ನಿ ಕಣಮ್ಮಿ. ನೋಡಲ್ಲ ಅಂತ ಅಂದಿಲ್ಲ. ಡಿಸ್ಸು ತಿರುಗಿಸ್ಬೇಡ ಅಂತ ಆ ಮಾರಾಯ್ನೂ ಏಳಿಲ್ಲ.”

ಅಲ್ಲಿಂದ ಶನಿವಾರ ಸಂಜೆ ಗಿರಣಿ ಬಂದ್. ರಾಗಿ ತಂದವರು ಗೊಣಗಿದರೆ, “ನಿನ್ ರಾಗಿ ಎಲ್ಲೂ ಓಡೋಗಲ್ಲ, ಕೂತ್ಕಳ್ಲಾ. ಆಡು ಓಡೋಯ್ತದೆ” ಎನ್ನುತ್ತಿದ್ದಳು. ಅವಳು ಹಾಡು ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಕಣ್ಣೆಲ್ಲ ಎಡಗಡೆಯ ಕೊನೆಗೆ. ಸರಿಯಾಗಿ ಅದೇ ಹೊತ್ತಿಗೆ ರೈಲು ಹಾಯುತ್ತಿತ್ತು. ಡಿಶ್ಶಿನ ಕಂಬ ಅದುರಿ ಚಿತ್ರ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. “ಇವತ್ತೊಂದಿನ ನಿಧಾನಕ್ಕೆ ಓಗಕ್ಕೆ ನಿಂಗೇನ್ಲಾ ಧಾಡಿ!” ಎಂದು ಕಿಟಕಿಯಾಚೆಯ ರೈಲಿಗೆ ಬೈಯುತ್ತಿದ್ದಳು.

ಆಯುಧಪೂಜೆಯ ದಿನ ಗಿರಣಿಯ ಮೋಟರಿಗೆ, ನನ್ನ ಹೊಲಿಗೆ ಮಿಷನ್ನಿಗೆ, ಕೊನೆಗೆ ಡಿಶ್ಶಿಗೂ ಪೂಜೆ. ಡಿಶ್ಶಿನ ಹೊಟ್ಟೆಗೆ ಅಡ್ಡಡ್ಡ ವಿಭೂತಿ, ಕಂಬಕ್ಕೆ ಬಾಳೆಕಂದು, ಮುಂದೆ ಚಾಚಿಕೊಂಡ ಆ ಮೂತಿಗೆ ಭಕ್ತಿಯಿಂದ ಗಂಧ ಬಳಿದು, ಮೇಲೆ ಕುಂಕುಮ, ಅದರ ಮೇಲೊಂದು ಸೇವಂತಿಗೆ. ಆ ಶನಿವಾರ ಟಿವಿಯಲ್ಲಿ ಸಿಗ್ನಲ್ ಇಲ್ಲ ಎಂಬ ಅಕ್ಷರ ಬಿಟ್ಟು ಬೇರೇನೂ ಬರಲಿಲ್ಲ. ಡಿಶ್ಶು ರಿಪೇರಿಯ ಸಲೀಂ ಮದ್ದೂರಿನಿಂದ ಬಂದು ಛಾವಣಿ ಹತ್ತಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಮ್ಮಾ, ಸಿಗ್ನಲ್ ಇಲ್ಲಿಂದಲೇ ಒಳಗೆ ಬರೋದು. ನೀವು ಬಾಯಿಗೇ ಗಂಧ ತುಂಬಿದ್ರೆ ಅದು ಉಸಿರಾಡೋದು ಹೆಂಗೆ?” ನಾನೂ ನಕ್ಕೆ. ತಾಯಮ್ಮ ನಗಲಿಲ್ಲ. ಒಂದು ವಾರ ಮಗಳನ್ನು ನೋಡುವುದು ತಪ್ಪಿಹೋಗಿತ್ತು.

ಮಂಡ್ಯಕ್ಕೆ ಹೋದಾಗ ಅಂಗಡಿಯೊಂದರ ಗಾಜಿನಾಚೆ ಎಚ್‌ಡಿ ಚಿತ್ರ ನೋಡಿ ಬಂದಳು. ವಾರ್ತೆ ಓದುವವಳ ಕಣ್ಣರೆಪ್ಪೆಯ ಕೂದಲು ಕೂಡ ಕಾಣುತ್ತಿತ್ತಂತೆ. ಬಸ್ಸಿಳಿದವಳೇ ಸಲೀಂಗೆ ಫೋನು. ಕನ್ನಡ ಚಾನಲ್ಲು ಎಚ್‌ಡಿಯಲ್ಲಿ ಬೇಕೆಂದರೆ ಟಿವಿ, ಬಾಕ್ಸು ಎರಡೂ ಬದಲಾಗಬೇಕು, ಡಿಶ್ಶನ್ನೂ ಬೇರೆ ಉಪಗ್ರಹದ ಕಡೆ ತಿರುಗಿಸಬೇಕು ಎಂದ ಅವನು. “ಬೇಕಾದ್ರೆ ಮನೇನೇ ತಿರುಗಿಸು ಕಣ್ಲಾ. ನನ್ ಮಗ ಸಾಪಾಗಿ ಕಾಣ್ಬೇಕು” ಎಂದಳು. ಮಗಳನ್ನು ಅವಳು ಯಾವಾಗಲೂ ಮಗ ಎಂದೇ ಕರೆಯುತ್ತಿದ್ದಳು.

ಎಲ್ಲ ಬದಲಾಯಿಸಿದ ಮೇಲಿನ ಮೊದಲ ಶನಿವಾರ ತಾಯಮ್ಮ ತಲೆಗೆ ನೀರು ಹಾಕಿಕೊಂಡು, ಮಗ್ಗದ ಸೀರೆಯುಟ್ಟು, ಯಾರದೋ ಮನೆಯ ನಾಮಕರಣಕ್ಕೆ ಹೊರಟವಳ ಹಾಗೆ ಟಿವಿ ಮುಂದೆ ಕೂತಳು. ಹಿಟ್ಟಿಲ್ಲದ ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದೂ ಅವತ್ತೇ. ರೈಲು ಹಾದುಹೋಯಿತು. ಸಲೀಂ ಬಿಗಿದ ಕಂಬ ಅಲುಗಲಿಲ್ಲ. ಕ್ಯಾಮೆರಾ ನಿಧಾನವಾಗಿ ಹಿಂದಿನ ಸಾಲಿನ ಮೇಲೆ ಹಾಯ್ದು ಎಡಗಡೆಯ ಕೊನೆಯವಳ ಮೇಲೆ ನಿಂತಿತು.

ಸುಧಾ. ಎದುರಿಗೆ ಬಂದು ಕೂತಷ್ಟು ಸ್ಪಷ್ಟವಾಗಿ ಸುಧಾ. ಕೆನ್ನೆ ಒಳಗೆ ಹೋಗಿತ್ತು. ಕುತ್ತಿಗೆಯ ಮೂಳೆ ಎದ್ದಿತ್ತು. ಪೌಡರಿನ ಅಡಿಯಿಂದ ಕಣ್ಣ ಕೆಳಗಿನ ಕಪ್ಪು ಇಣುಕುತ್ತಿತ್ತು. ತುಟಿ ಹಾಡುತ್ತಿತ್ತು, ಕಣ್ಣು ಎಲ್ಲೋ ಇತ್ತು.

ತಾಯಮ್ಮ ಸೆರಗಿನ ತುದಿಯಿಂದ ಪರದೆ ಒರೆಸಿದಳು. ಆಮೇಲೆ, “ಇಷ್ಟ್ ದಿನ ನಗ್ತಾವ್ಳೆ ಅಂದ್ಕಂಡಿದ್ದೆ ಕಣಮ್ಮಿ” ಅಂದಳು. “ಆ ಟಿವೀಲಿ ಮಂಜುಮಂಜಾಗಿ ನಗ್ತಿದ್ದಂಗೇ ಕಾಣ್ತಿತ್ತು.”

ಹಾಳು ಎಚ್‌ಡಿ, ಹಳೆಯ ಮಸುಕೇ ಚೆನ್ನಾಗಿತ್ತಲ್ಲ ಎನಿಸಿತು ನನಗೆ. ತಾಯಮ್ಮ ಮಾತ್ರ ಪರದೆಗೆ ಇನ್ನೂ ಹತ್ತಿರ ಸರಿದು, ಬೆರಳಿಟ್ಟು ಕೇಳಿದಳು: “ಮುಂದ್ಗಡೆ ಕೂತ್ಕಂಡು ಚಪ್ಪಾಳೆ ತಟ್ತಾವ್ರಲ್ಲ, ಯಾರಿವ್ರೆಲ್ಲ?”

“ಸುಮ್ನೆ ನೋಡೋಕೆ ಬಂದೋರು.”

“ಯಾರ್ ಬೇಕಾದ್ರೂ ಓಗ್ಬೋದಾ?”

“ಹೋಗ್ಬೋದಂತೆ. ಮದ್ದೂರಿನ ಹೆಂಗಸರ ಸಂಘದವರು ಹೋಗಿದ್ರಲ್ಲ.”

“ಸ್ಟುಡಿಯೋ ಅನ್ನೋದು ಅವಳ ಒಸಲೇನಲ್ವಲ್ಲ!” ಎಂದು ಎದ್ದು ನಿಂತಳು. ಆ ಮುಖದ ಕಳೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಸಂಘದವರ ಜೊತೆ ಸೀಟು ಗಿಟ್ಟಿಸಿಕೊಂಡಳು. ಹೊರಡುವ ದಿನ ಮಾತಿನ ಆಣೆಗಾಗಿ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟು, “ಬೈಯೋದಿದ್ರೆ ಮೇಲಕ್ಕೆ ಬಂದ್ಮೇಲೆ ಬೈಕೋ” ಎಂದು ಗಂಡನ ಫೋಟೊಗೆ ಹೇಳಿದಳು. ಒಂದು ಚೀಲ ರಾಗಿಹಿಟ್ಟು ಹೊತ್ತು ಸ್ಟೇಷನ್ನಿಗೆ ನಡೆದಳು. ರೈಲು ಬಂದಾಗ ಮನೆಯ ಬೀಗದ ಕೈ ನನ್ನ ಕೈಗಿಟ್ಟಳು.

“ಡಿಸ್ಸು ಯಾರೂ ಅಲುಗಿಸ್ದಂಗೆ ನೋಡ್ಕೊ. ಕ್ಯಾಮೆರಾ ನನ್ ಕಡೀಕೂ ತಿರುಗ್ತದೆ. ಎಂಗ್ ಕಾಣ್ತೀನಿ ಅಂತ ಆಮೇಲೆ ಏಳು.”

“ಯಾವಾಗ ಬರ್ತೀಯ ಅಕ್ಕಾ?”

“ಬತ್ತೀನಿ ಬುಡು.”

ಬರಲಿಲ್ಲ. ಸ್ಟುಡಿಯೋದಿಂದಲೇ ಮನೆಗೆ ಕರೆದೊಯ್ದ ಸುಧಾ ವಾಪಸ್ಸು ಕಳಿಸಿಕೊಡಲಿಲ್ಲವಂತೆ. ಫೋನಿನಲ್ಲಿ, “ಆಣೆ ಏನಾಯ್ತಕ್ಕಾ?” ಎಂದು ಕೆಣಕಿದೆ. “ಇಲ್ಲಿ ಬಾಗ್ಲುಗಳಿಗೆ ಒಸಲೇ ಮಡಗಿಲ್ಲ ಕಣಮ್ಮಿ, ನಾನೇನ್ ಮಾಡ್ಲಿ!” ಎಂದು ನಕ್ಕಳು. ಹಿಂದಿನಿಂದ ಸುಧಾ ನಗುವುದೂ ಕೇಳಿಸಿತು. ನನಗೆ ಸಂತೋಷವೇ ಆಯಿತು. ಆದರೂ ಫೋನಿಟ್ಟ ಮೇಲೆ ನಿಂತಿದ್ದ ಗಿರಣಿಯ ಕಡೆ ನೋಡಲಾಗಲಿಲ್ಲ. ಬೈಸಿಕೊಳ್ಳದೆ ಹೊಲಿಯುವುದು ನನಗೆ ಅಭ್ಯಾಸವಿಲ್ಲ.

ಅವಳು ಹೋಗಿ ಕೂತಿದ್ದ ಕಾರ್ಯಕ್ರಮ ಕೊನೆಗೊಂದು ಶನಿವಾರ ಬಂತು. ಬೀಗ ತೆಗೆದು, ದೀಪ ಹಚ್ಚಿ, ಅವಳು ಕೂರುತ್ತಿದ್ದ ಚಾಪೆಯ ಮೇಲೇ ಕೂತೆ. ಕ್ಯಾಮೆರಾ ಪ್ರೇಕ್ಷಕರ ಕಡೆ ಹೊರಳಿತು. ಎಲ್ಲರೂ ಹಾಡುವವಳನ್ನು ನೋಡುತ್ತಿದ್ದರು. ಒಬ್ಬಳು ಮಾತ್ರ ಕುತ್ತಿಗೆ ಉದ್ದ ಮಾಡಿ ಎಡಗಡೆಯ ಕೊನೆಯನ್ನು ಹುಡುಕುತ್ತಿದ್ದಳು. ಕಿವಿಯ ಹಿಂದೆ ಒಂದಿಷ್ಟು ರಾಗಿಹಿಟ್ಟು ಉಳಿದಿತ್ತು, ಅದೂ ಕಂಡಿತು.

ನನಗೇ ಗೊತ್ತಿಲ್ಲದೆ ಎದ್ದು ಕಿಟಕಿಗೆ ಓಡಿ ಛಾವಣಿಯ ಕಡೆ ಕೂಗಿದೆ: “ಬಂತು ಕಣಕ್ಕಾ! ಚೆನ್ನಾಗಿ ಬಂತು, ಹಂಗೇ ಬಿಡು!”

ಮೇಲೆ ಡಿಶ್ಶು ಒಂದೇ ಇತ್ತು.