ಪದ್ಮಯ್ಯನವರ ಏಳು ಒಂದುಗಳು

ನಮ್ಮ ವ್ಯಾಪಾರಿಗಳ ಸರಕಿನ ಲೆಕ್ಕದಲ್ಲಿ ಹೇಳುವುದಾದರೆ ಚೆಟ್ಟಳ್ಳಿಯ ಪದ್ಮಯ್ಯ ಎರಡನೇ ದರ್ಜೆಯ ಕರಿಮೆಣಸು: ಮೇಲೆ ಸುಕ್ಕು, ಒಳಗೆ ಗಟ್ಟಿ, ತೂಕದಲ್ಲಿ ಮೋಸವಿಲ್ಲ, ಆದರೆ ಬೇಗ ಬಿಕರಿಯಾಗದು. ಕೊಡಗು ತನ್ನದೇ ರಾಜ್ಯವಾಗಿ ಉಳಿಯಬೇಕೋ ಮೈಸೂರಿಗೆ ಸೇರಬೇಕೋ ಎಂದು ಅಂಗಡಿ ಜಗಲಿಗಳಲ್ಲಿ ಎಲ್ಲರೂ ಗಂಟಲು ಹರಿದುಕೊಳ್ಳುತ್ತಿದ್ದ ವರ್ಷಗಳವು. ಪದ್ಮಯ್ಯನವರಿಗೆ ಮಾತ್ರ ಬೇರೆಯೇ ಚಿಂತೆ. ಏಳು ಒಂದುಗಳನ್ನು ಸಾಲಾಗಿ ಬರೆದರೆ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಒಂದನ್ನೂ ತನ್ನನ್ನೂ ಬಿಟ್ಟು ಅದು ಬೇರೆ ಯಾವುದರಿಂದಲಾದರೂ ಶೇಷವಿಲ್ಲದೆ ಭಾಗವಾಗುತ್ತದೆಯೇ?

ಆಗದು ಎಂದು ಅವರ ಮನಸ್ಸು ಎಂದೋ ತೀರ್ಮಾನಿಸಿತ್ತು. ತೋಟ ಅಣ್ಣಂದಿರದು, ಮಾತು ಅಣ್ಣಂದಿರದು. ತನ್ನದೆನ್ನಲು ಅವರಿಗಿದ್ದದ್ದು ಇದೊಂದೇ. ಅದನ್ನು ಸಾಧಿಸಲು ಸಾವಿರದ ಚಿಲ್ಲರೆಯವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಕಾಫಿ ಒಣಗಿಸುವ ಕಣವೇ ಅವರ ಹಲಗೆ. ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತರೆ ಬೆನ್ನಿಗೆ ಬಿಸಿಲು ಬಿದ್ದದ್ದೂ ತಿಳಿಯುತ್ತಿರಲಿಲ್ಲ.

"ಭಾವಾ, ಏಳು ಆಳು ಸಾಲಾಗಿ ನಿಂತವೆ, ಒಬ್ಬನೂ ಹಣ್ಣು ಕುಯ್ಯುದಿಲ್ಲೆ!" ಎಂದು ಹೆಂಡತಿಯ ತಮ್ಮ ಸಾಂತಪ್ಪ ಕಣದ ಮೇಲಿನ ಒಂದುಗಳನ್ನು ತೋರಿಸಿ ಕೆಣಕುತ್ತಿದ್ದ.

"ಮುಗಿಲಿ. ಮಡಿಕೇರಿ ಕಾಲೇಜು ಮೇಷ್ಟ್ರ ಎದುರು ಹೇಳ್ನೆ. ಆಗ ನೀನೇ ಕೊಡೆ ಹಿಡ್ದ್ ಬರೊಕು!"

ಕೊನೆಗೂ ಮುಗಿಯಿತು. ಯಾವುದರಿಂದಲೂ ಭಾಗವಾಗಲಿಲ್ಲ. ಸುದ್ದಿಯನ್ನು ಸಿದ್ದಾಪುರದ ಬಸ್ಸಿನವರೆಗೂ ತಾವೇ ಹರಡಿ, ಮಡಿಕೇರಿಗೆ ಹೊರಟ ಬೆಳಿಗ್ಗೆ ಕರಿಕೋಟು ತೊಟ್ಟರು. ಗುಂಡಿ ಹಾಕಿಕೊಡುತ್ತಿದ್ದ ಹೆಂಡತಿ ನೀಲಾವತಿ ಕೇಳಿದರು:

"ಅವತ್ತು ಅರ್ಧಕ್ಕೆ ನಿಂತದ್ದನ್ನ ಮತ್ತೆ ಮಾಡಿದಿರಾ?"

"ಯಾವುದು?"

"ಹಿಂದಿನ ಕುಯ್ಲಲ್ಲಿ ಹಣ್ಣು ಬಂತು ಅಂತ ನಾನು ಕಣಕ್ಕೆ ಸೆಗಣಿ ಸಾರಿಸಿದೆನಲ್ಲ? ಇನ್ನೂರ ಮೂವತ್ತೊಂಬತ್ತು ಅಂತ ಬರೆದಿದ್ದಿರಿ. ಕೆಳಗೆ ಇನ್ನೂ ಬಾಕಿ ಉಟ್ಟು, ಲೆಕ್ಕ ಮುಗಿದಿಲ್ಲ ಅಂದೆ. ನೀವು ಹೂಂ ಅಂದಿರಿ."

ಪದ್ಮಯ್ಯನವರಿಗೆ ನೆನಪಾಯಿತು. ಹಣ್ಣು ಒಣಗಿ, ಕಣ ಖಾಲಿಯಾದ ಮೇಲೆ ಅವರು ಇನ್ನೂರ ನಲವತ್ತೊಂದರಿಂದ ಶುರು ಮಾಡಿದ್ದರು. ಸಾರಿಸಿದ ಕಣ ನೋಡಿ, ಆ ಲೆಕ್ಕ ಮುಗಿದಿದೆ ಅಂದುಕೊಂಡಿದ್ದರು.

ಕೋಟು ತೊಟ್ಟೇ ಕಣಕ್ಕಿಳಿದರು. ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸುತ್ತ ಒಂದೊಂದೇ ಅಂಕಿ ಕೆಳಗಿಳಿಸಿದರು. ಭಾಗಲಬ್ಧ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಶೇಷ ಸೊನ್ನೆ. ತಪ್ಪಿರಬಹುದೆಂದು ಗುಣಿಸಿ ನೋಡಿದರು. ಏಳು ಒಂದುಗಳೂ ಸಾಲಾಗಿ ಬಂದು ನಿಂತವು.

"ಮೊದಲೇ ಹೇಳೋಕೆ ಎಂತ ಆಗಿತ್ತು ನಿನಗೆ?"

"ಹೇಳಿದ್ದೆ."

ಆ ಒಂದು ಮಾತನ್ನು ಅವರು ಕ್ಷಮಿಸಲಿಲ್ಲ. ಮುಂದಿನ ಕುಯ್ಲಿನಿಂದ ಕಣ ಸಾರಿಸಲು ತೋಟದ ಆಳು ಚೋಮಿ ಬಂದಳು. ನೀಲಾವತಿಗೆ ಅಲ್ಲಿ ಕಾಲಿಡಲು ಅಪ್ಪಣೆಯಿರಲಿಲ್ಲ. ಗಂಡಹೆಂಡಿರ ಮಾತು ಊಟ, ನೀರು, ಬಾಗಿಲ ಚಿಲಕಗಳಿಗೆ ನಿಂತಿತು. ಸಾಂತಪ್ಪ ಸಂತೆಯಲ್ಲಿ ಕಥೆ ಹೇಳಿ ನಗಿಸಿದ. ನಕ್ಕವರಲ್ಲಿ ನಾವು ವ್ಯಾಪಾರಿಗಳೇ ಹೆಚ್ಚು. ಪದ್ಮಯ್ಯ ಸಾಯುವವರೆಗೂ ಮತ್ತೆ ಸೀಮೆಸುಣ್ಣ ಮುಟ್ಟಲಿಲ್ಲ.

ನನ್ನ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸದೆ, ಅವರು ಹೇಳಿದ್ದನ್ನು ಪೂರ್ತಿ ಕೇಳದೆ ನಾನು ಯಾರಿಗೂ ಮಾತು ಕೊಡುವುದಿಲ್ಲ. ಈ ಅಭ್ಯಾಸಕ್ಕೆ ನಾನು ಪದ್ಮಯ್ಯನವರಿಗೆ ಋಣಿ.