ಗರಡಿ ಕಿಟಕಿಯಲ್ಲಿ ಅಜ್ಜಿಯ ಒದ್ದೆ ಬಟ್ಟೆ

ಹೊಸಪೇಟೆಯ ಜಿಮ್ಮಿನಿಂದ ಬಂದ ಮಗಳು ಬ್ಯಾಗು ಬಿಚ್ಚಿದರೆ ಸಾಕು, ಒದ್ದೆ ಬಟ್ಟೆಯ ವಾಸನೆ ಮನೆಯೆಲ್ಲ ಹರಡುತ್ತದೆ. ಒಂದು ಸುತ್ತು ಭಾರ ಎತ್ತಿ, ಮುಂದಿನ ಸುತ್ತಿಗೆ ಮೊದಲು ಆ ಬಟ್ಟೆಯಲ್ಲಿ ಅಂಗೈ ತಣ್ಣಗೆ ಮಾಡಿಕೊಂಡರೆ ಬಲ ಉಳಿಯುತ್ತದಂತೆ. ಹೊಸ ವಿದ್ಯೆಯಂತೆ. ಹೊಸದು! ನನಗೆ ನಗು ಬರುತ್ತದೆ, ಹಿಂದೆಯೇ ಅಜ್ಜಿಯ ನೆನಪು. ನಿಮ್ಮ ಮನೆಯಲ್ಲೂ ಇಂಥ ವಿದ್ಯೆ ಬಲ್ಲವರೊಬ್ಬರು ಇದ್ದಿರಬೇಕು, ಅವರ ಹೆಸರು ಎಲ್ಲೂ ಬರೆದಿಲ್ಲ ಅಷ್ಟೇ.

ಕಂಪ್ಲಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಗರಡಿ ಇತ್ತು. ಎಣ್ಣೆ, ಅರಿಶಿನ ಬೆರೆಸಿದ ಅದರ ಕೆಮ್ಮಣ್ಣಿನ ಘಮ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲಿದ್ದ ದೊಡ್ಡ ಗುಂಡುಕಲ್ಲನ್ನು ಒಂದು ಕಾಲಕ್ಕೆ ನನ್ನ ಅಜ್ಜ ಎತ್ತುತ್ತಿದ್ದನಂತೆ. ಅಜ್ಜಿ ಅದನ್ನು ಒಮ್ಮೆಯೂ ಕಂಡವಳಲ್ಲ. ಕಲ್ಲು ಬಿದ್ದಾಗ ಗೋಡೆ ಅದುರಿದ್ದೇ ಅವಳಿಗೆ ಸಿಕ್ಕ ಪಾಲು. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅವಳ ಮಗ, ನನ್ನ ಕಾಕಾನಿಗೆ ಇದೇ ಕೊರಗು. ಅವ್ವನ ಕಣ್ಣೆದುರಿಗೆ ಆ ಕಲ್ಲು ಒಮ್ಮೆ ತನ್ನ ಹೆಗಲೇರಬೇಕು ಎಂಬುದೊಂದೇ ಅವನ ಆಸೆ.

ಆದರೆ ಕಲ್ಲು ಎದೆಯ ಮಟ್ಟಕ್ಕೆ ಬಂದು ಜಾರುತ್ತಿತ್ತು. "ಕಲ್ಲು ಎತ್ತೋ ನಡುವ ನೀರು ಮುಟ್ಟಬ್ಯಾಡ್ರಿ, ನರ ಹಿಡಿತಾವ" ಎನ್ನುವುದು ಗರಡಿಯ ಗುರು ವಸ್ತಾದರ ಕಟ್ಟಪ್ಪಣೆ. ಒಂದು ಸಂಜೆ ಮನೆಗೆ ಬಂದ ಕಾಕಾನ ಕೈ ಹಿಡಿದ ಅಜ್ಜಿ ಬೆಚ್ಚಿದಳು. "ಅಂಗೈ ಕಾದ ಹಂಚಾಗ್ಯಾವಲ್ಲೋ! ಹಿಂಗಾದ್ರ ಹಿಡಿತ ಹೆಂಗ ನಿಲ್ಲತೈತಿ?" ಮರುದಿನದಿಂದ ಹಳೇ ಸೀರೆಯ ತುಂಡನ್ನು ಗಡಿಗೆಯ ಹೊಳೆನೀರಿನಲ್ಲಿ ಅದ್ದಿಕೊಂಡು ಗರಡಿಯ ಹಿಂದಿನ ಓಣಿಯಲ್ಲಿ ನಿಂತಳು, ಗಡಿಗೆ ಹಿಡಿದು ಪಕ್ಕದಲ್ಲಿ ನಾನು. ಓಣಿಯಿಂದ ಒಳಗಿನದೇನೂ ಕಾಣದಷ್ಟು ಎತ್ತರದಲ್ಲಿತ್ತು ಗರಡಿಯ ಕಿಟಕಿ. ಒಮ್ಮೆ ಎತ್ತಿ ಸೋತ ಕಾಕಾ ಗಾಳಿಗೆಂದು ಕಿಟಕಿಗೆ ಬರುತ್ತಿದ್ದ, ಸರಳುಗಳ ಆಚೆ ಕೈ ಚಾಚುತ್ತಿದ್ದ. ಅಜ್ಜಿ ಎರಡೂ ಅಂಗೈಗಳನ್ನು ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನ ಕೈ ಹಿಡಿದಂತೆ ಹಿಡಿದು ನಿಲ್ಲುತ್ತಿದ್ದಳು. ವಸ್ತಾದರು ಕಂಡೂ ಕಾಣದಂತೆ ಮೀಸೆ ತಿರುವುತ್ತಿದ್ದರು. ಪಾಪ, ಒಳ್ಳೆಯವರು.

ಒಂದು ಭಾನುವಾರ ಕಾಕಾ ಎರಡು ಸಲ ಸೋತು ಕಿಟಕಿಗೆ ಬಂದ. ಅಜ್ಜಿ ಬಟ್ಟೆ ಮತ್ತೆ ಮತ್ತೆ ಅದ್ದಿದಳು, ಅಂಗೈಗೆ ಊದಿದಳು. ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ "ಭಲೇ!" ಎಂದು ಕೂಗೆದ್ದಿತು. ಗೋಡೆ ಮಾತ್ರ ಅದುರಲಿಲ್ಲ. "ಲೇ, ಕಲ್ಲು ಹೊಸ್ತಿಲ ದಾಟಬಾರದಲೇ!" ಎಂದು ವಸ್ತಾದರು ಕಿರುಚಿದ್ದು ಕೇಳಿತು. ಅಷ್ಟರಲ್ಲಿ ಕಾಕಾ ಹೆಗಲ ಮೇಲೆ ಕಲ್ಲು ಹೊತ್ತು, ಗಿಡ್ಡ ಬಾಗಿಲಲ್ಲಿ ಮಂಡಿ ಬಗ್ಗಿಸಿ ನುಸುಳಿ, ಓಣಿಯ ಮೂಲೆ ತಿರುಗಿ ನಮ್ಮೆದುರು ನಿಂತಿದ್ದ.

"ಅವ್ವಾ, ನೋಡು!"

"ನೋಡೀನಪ್ಪ, ನೋಡೀನಿ. ಇಳಸು, ಬೆನ್ನು ಹೋದೀತು" ಎಂದಳು ಅಜ್ಜಿ. ಅವಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಇವತ್ತು ಅಲ್ಲಿ ಗರಡಿಯಿಲ್ಲ, ನಮ್ಮ ಮನೆಯೂ ಇಲ್ಲ, ಸಾಲಾಗಿ ಅಂಗಡಿಗಳಿವೆ. ಅಜ್ಜಿ, ಕಾಕಾ ಇಬ್ಬರೂ ಹೋಗಿ ಎಷ್ಟೋ ವರ್ಷಗಳಾದವು. ಕೊನೆಗಾಲದಲ್ಲಿ ಒಮ್ಮೆ ಅಜ್ಜಿಯನ್ನು ಕೇಳಿದ್ದೆ, ಆ ಕಲ್ಲು ಎಷ್ಟು ದೊಡ್ಡದಿತ್ತು ಎಂದು.

"ಕಲ್ಲು ಯಾರು ನೋಡ್ಯಾರವ್ವ? ನಾ ಅವನ ಮಾರಿ ನೋಡಕತ್ತಿದ್ದೆ."